ಬಂಡಿಯಿಂದ ಇಳಿದು ಬಂದ ‘ಚಾರ್ಜ್’

ಕಲಬುರಗಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರಿಗೆ ನಾನು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದನ್ನು ಕಲಿಸುತ್ತೇನೆ. ಕಳೆದ ವರ್ಷ ತರಗತಿಯಲ್ಲಿ ಒಂದು ಚಿಕ್ಕ ವಾಕ್ಯ ಕೊಟ್ಟಿದ್ದೆ: ‘ದಿ ಕಮಿಟಿ ಈಸ್ ಚಾರ್ಜ್ಡ್ ವಿತ್ ಎಕ್ಸಾಮಿನಿಂಗ್ ದಿ ಅಕೌಂಟ್ಸ್.’ ಆಳಂದ ಕಡೆಯ ಹಳ್ಳಿಯಿಂದ ದಿನಾಲೂ ಬಸ್ಸಿನಲ್ಲಿ ಬಂದುಹೋಗುವ ಒಬ್ಬ ವಿದ್ಯಾರ್ಥಿನಿ ಅದನ್ನು ‘ಲೆಕ್ಕಪತ್ರಗಳನ್ನು ಪರಿಶೀಲಿಸಿದ ಆರೋಪ ಸಮಿತಿಯ ಮೇಲಿದೆ’ ಎಂದು ಬರೆದಳು. ಲೆಕ್ಕ ನೋಡುವುದು ಅಪರಾಧ ಹೇಗಾಗುತ್ತದೆ ಎಂದು ಕೇಳಿದಾಗ ಆಕೆ ನಿಘಂಟನ್ನು ತೆರೆದು ಮುಂದಿಟ್ಟಳು. ‘ಚಾರ್ಜ್’ ಎಂಬ ಒಂದೇ ಪದದ ಕೆಳಗೆ ಹೊರೆ, ಬೆಲೆ, ಆರೋಪ, ಹೊಣೆ, ದಾಳಿ, ಮದ್ದು, ವಿದ್ಯುದಾವೇಶ, ಆಜ್ಞೆ, ಪಾಲನೆಯಲ್ಲಿರುವ ಮಗು ಎಂದು ಅರ್ಥಗಳು ಸಾಲುಗಟ್ಟಿದ್ದವು. “ಸರ್, ಇದರಾಗ ಯಾವ ಅರ್ಥ ಬಾಯಿಪಾಠ ಮಾಡ್ಬೇಕ್ರಿ?” ಎಂದು ಕೇಳಿದಳು.

ಆ ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ಹತ್ತು ಸಲ ನಾವೆಲ್ಲ ಬಳಸುವ ಪದವಿದು. ಫೋನಿಗೆ ಚಾರ್ಜ್, ಆಟೋಕ್ಕೆ ಚಾರ್ಜ್, ಕಚೇರಿಯಲ್ಲಿ ಇನ್‌ಚಾರ್ಜ್, ಠಾಣೆಯಲ್ಲಿ ಚಾರ್ಜ್‌ಶೀಟ್, ಚೌಕದಲ್ಲಿ ಲಾಠಿಚಾರ್ಜ್, ಆಸ್ಪತ್ರೆಯಿಂದ ಡಿಸ್ಚಾರ್ಜ್. ಇವುಗಳಲ್ಲಿ ಯಾವುದಕ್ಕೂ ಇನ್ನೊಂದರೊಡನೆ ಸಂಬಂಧವಿದ್ದಂತೆ ತೋರುವುದಿಲ್ಲ. ಆದರೆ ಸಂಬಂಧವಿದೆ, ಮತ್ತು ಅದನ್ನು ಹಿಡಿದುಕೊಂಡವರಿಗೆ ಬಾಯಿಪಾಠದ ಅಗತ್ಯ ಬಹುಮಟ್ಟಿಗೆ ಉಳಿಯುವುದಿಲ್ಲ ಎಂಬುದು ನನ್ನ ಅನುಭವ.

ಈ ಪದದ ಬೇರು ಬಂಡಿಯಲ್ಲಿದೆ. ಪ್ರಾಚೀನ ಗಾಲ್ ಪ್ರದೇಶದ, ಅಂದರೆ ಇಂದಿನ ಫ್ರಾನ್ಸ್ ಸುತ್ತಲಿನ ಜನ ಬಳಸುತ್ತಿದ್ದ ಬಂಡಿಯ ಹೆಸರನ್ನು ರೋಮನ್ನರು ‘ಕಾರ್ರುಸ್’ ಎಂದು ತಮ್ಮ ಲ್ಯಾಟಿನ್ನಿಗೆ ತೆಗೆದುಕೊಂಡರು. ಅದರಿಂದ ‘ಕಾರ್ರಿಕಾರೆ’, ಅಂದರೆ ಬಂಡಿಗೆ ಸರಕು ಹೇರು ಎಂಬ ಕ್ರಿಯಾಪದ ಹುಟ್ಟಿತು. ಅದು ಹಳೆಯ ಫ್ರೆಂಚ್ ಭಾಷೆಯ ಬಾಯಲ್ಲಿ ಸವೆದು, ಇಂಗ್ಲೆಂಡಿಗೆ ಬಂದು ‘ಚಾರ್ಜ್’ ಆಯಿತು. ಹಡಗಿನ ಸರಕಿಗೆ ಹೇಳುವ ‘ಕಾರ್ಗೊ’, ಹೊತ್ತೊಯ್ಯುವುದಕ್ಕೆ ಹೇಳುವ ‘ಕ್ಯಾರಿ’, ನಾವು ಹತ್ತಿ ಓಡಾಡುವ ‘ಕಾರು’ ಎಲ್ಲವೂ ಅದೇ ಮನೆತನದವು. ಒಬ್ಬರ ಮೂಗನ್ನೋ ಮೀಸೆಯನ್ನೋ ಇದ್ದದ್ದಕ್ಕಿಂತ ಹೆಚ್ಚು ಮಾಡಿ ಬರೆಯುವ ‘ಕ್ಯಾರಿಕೇಚರ್’ ಕೂಡ ಇಟಲಿಯ ದಾರಿ ಹಿಡಿದು ಬಂದ ಇದೇ ಮೂಲದ ಪದ; ಹೇರಿಕೆ ಹೆಚ್ಚಾದ ಚಿತ್ರ ಎಂದು ಅದರ ಅರ್ಥ.

ಬಂಡಿಗೆ ಹೇರುವುದು ಎಂದರೇನು ಎಂದು ನಮ್ಮ ಭಾಗದವರಿಗೆ ವಿವರಿಸಬೇಕಾಗಿಲ್ಲ. ತೊಗರಿ ಸುಗ್ಗಿಯಲ್ಲಿ ಬೆಳಗ್ಗೆ ಕಲಬುರಗಿಯ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜ್‌ಗೆ ಹೋಗಿ ನಿಂತರೆ, ಬಂಡಿಯ ಜಾಗಕ್ಕೆ ಟ್ರ್ಯಾಕ್ಟರು ಬಂದಿರುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹಾಗೇ ಇದೆ. ಹಮಾಲರು ಬೆನ್ನು ಬಗ್ಗಿಸಿ ನಿಲ್ಲುತ್ತಾರೆ. ಇಬ್ಬರು ಸೇರಿ ಚೀಲವನ್ನು ಎತ್ತಿ ಆ ಬೆನ್ನಿನ ಮೇಲೆ ಇಡುತ್ತಾರೆ. ಚೀಲ ಕೂತ ಕ್ಷಣ ಮೊಣಕಾಲು ಒಂದಿಷ್ಟು ಬಾಗಿ, ಮತ್ತೆ ನೆಟ್ಟಗಾಗಿ, ಹೆಜ್ಜೆ ಮುಂದಕ್ಕೆ ಬೀಳುತ್ತದೆ. ಅದೊಂದು ಕ್ಷಣವನ್ನು ಕಣ್ಣಲ್ಲಿ ಇಟ್ಟುಕೊಳ್ಳಬೇಕೆಂದು ನನ್ನ ವಿದ್ಯಾರ್ಥಿಗಳಿಗೆ ಹೇಳಿದ್ದೇನೆ. ಒಂದರ ಮೇಲೆ ಇನ್ನೊಂದನ್ನು ಇಡುವುದು, ಇಟ್ಟ ಮೇಲೆ ಅದು ಹೊತ್ತವನದ್ದಾಗುವುದು, ಇಳಿಸುವ ತನಕ ಅವನು ಬಿಡುವಂತಿಲ್ಲದಿರುವುದು. ‘ಚಾರ್ಜ್’ ಪದದ ಹೆಚ್ಚಿನ ಅರ್ಥಗಳು ಇಷ್ಟರಲ್ಲೇ ಇವೆ. ಬೆನ್ನಿನ ಜಾಗದಲ್ಲಿ ಏನಿದೆ, ಚೀಲದ ಜಾಗದಲ್ಲಿ ಏನಿದೆ ಎಂಬುದಷ್ಟೇ ಬದಲಾಗುತ್ತದೆ.

ಚೀಲದ ಜಾಗದಲ್ಲಿ ಸಾಲವನ್ನು, ಬೆನ್ನಿನ ಜಾಗದಲ್ಲಿ ಹೊಲವನ್ನು ಇಟ್ಟು ನೋಡೋಣ. ಬ್ಯಾಂಕಿನಲ್ಲಿ ಬೆಳೆಸಾಲ ತೆಗೆದಾಗ ಅದನ್ನು ಪಹಣಿಯ 11ನೇ ಕಾಲಂನಲ್ಲಿ ನಮೂದಿಸುತ್ತಾರೆ. ಇಂಗ್ಲಿಷ್ ಕಾಗದಪತ್ರಗಳಲ್ಲಿ ಇದಕ್ಕೆ ‘ಚಾರ್ಜ್’ ಎಂದೇ ಹೆಸರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಕಲಮು ಅಡಮಾನಕ್ಕಿಂತ ಬೇರೆಯಾದ ಈ ಬಗೆಯ ಹೊರೆಯನ್ನು ಪ್ರತ್ಯೇಕವಾಗಿಯೇ ವಿವರಿಸುತ್ತದೆ. ನಮ್ಮ ರೈತರು ಇದಕ್ಕೆ ಹೇಳುವ ಮಾತು ‘ಬೋಜಾ’. ಪಹಣಿ ಮೇಲೆ ಬೋಜಾ ಕೂತಿದೆ, ಸಾಲ ತೀರಿದೆ, ಬೋಜಾ ತೆಗೆಸಬೇಕು ಎಂದು ತಹಶೀಲ್ದಾರ್ ಕಚೇರಿಯ ಮುಂದೆ ದಿನವೂ ಕೇಳಬಹುದು. ಬೋಜಾ ಎಂದರೆ ಉರ್ದು, ಹಿಂದಿ, ಮರಾಠಿಗಳಲ್ಲಿ ಹೊರೆ ಎಂದೇ ಅರ್ಥ. ಲ್ಯಾಟಿನ್ನಿನ ಬಂಡಿಯ ಸುದ್ದಿಯೇ ಗೊತ್ತಿಲ್ಲದ ಜನ ಅದೇ ಕಲ್ಪನೆಯನ್ನು ಅಷ್ಟೇ ಸರಿಯಾಗಿ ಹಿಡಿದಿದ್ದಾರೆ. ಈ ಪದವನ್ನು ಗ್ರಾಮ್ಯವೆಂದು ಬದಿಗಿಡುವವರನ್ನು ಕಂಡರೆ ನನಗೆ ನೋವಾಗುತ್ತದೆ. ‘ಚಾರ್ಜ್’ ಪದದ ಈ ಅರ್ಥಕ್ಕೆ ಇದಕ್ಕಿಂತ ನಿಖರವಾದ ಅನುವಾದ ನಮ್ಮಲ್ಲಿಲ್ಲ.

ಇನ್ನು ಆರೋಪ. ಒಬ್ಬನ ಮೇಲೆ ತಪ್ಪನ್ನು ‘ಹೊರಿಸುತ್ತಾರೆ’ ಎಂದು ಕನ್ನಡ ಹೇಳುತ್ತದೆ. ‘ಆರೋಪ’ ಎಂಬ ಸಂಸ್ಕೃತ ಪದವೂ ‘ರುಹ್’ ಧಾತುವಿನಿಂದ ಬಂದು, ಏರಿಸುವುದು, ಮೇಲೆ ಇಡುವುದು ಎಂಬ ಮೂಲಾರ್ಥವನ್ನೇ ಹೊಂದಿದೆ. ಹೀಗಾಗಿ ಇಂಗ್ಲಿಷಿನವರು ತಪ್ಪನ್ನು ಒಬ್ಬನ ಮೇಲೆ ‘ಚಾರ್ಜ್’ ಮಾಡುವುದು ನಮಗೆ ಅಪರಿಚಿತವಾದ ಯೋಚನೆಯಲ್ಲ. ತೊಡಕು ಇರುವುದು ಕಲ್ಪನೆಯಲ್ಲಿ ಅಲ್ಲ, ನ್ಯಾಯಾಲಯದ ಹಂತಗಳಲ್ಲಿ. ಇಲ್ಲಿ ಸ್ವಲ್ಪ ನಿಧಾನಿಸುವುದು ಅವಶ್ಯ, ಏಕೆಂದರೆ ಈ ಒಂದು ಪದದ ಗೊಂದಲದಿಂದ ಊರಿನಲ್ಲಿ ಮನುಷ್ಯರ ಮರ್ಯಾದೆ ಹೋಗುವುದನ್ನು ನಾನು ನೋಡಿದ್ದೇನೆ.

‘ಚಾರ್ಜ್‌ಶೀಟ್’ ಎಂದರೆ ತನಿಖೆ ಮುಗಿಸಿದ ಪೊಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ ವರದಿ. ಹಿಂದೆ 1973ರ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಕಲಮಿನ ಅಡಿ ಅದನ್ನು ಸಲ್ಲಿಸುತ್ತಿದ್ದರು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 193ನೇ ಕಲಮು. ಕನ್ನಡದಲ್ಲಿ ದೋಷಾರೋಪ ಪಟ್ಟಿ ಎನ್ನುತ್ತಾರೆ. ಇದು ಪೊಲೀಸರ ಅಭಿಪ್ರಾಯವೇ ಹೊರತು ನ್ಯಾಯಾಲಯದ್ದಲ್ಲ. ಆ ಪಟ್ಟಿಯನ್ನೂ ಅದರ ಜೊತೆಗಿರುವ ದಾಖಲೆಗಳನ್ನೂ ನ್ಯಾಯಾಧೀಶರು ನೋಡಿ, ಎರಡೂ ಕಡೆಯ ವಾದ ಕೇಳಿ, ವಿಚಾರಣೆ ನಡೆಸಲು ಸಾಕಷ್ಟು ಆಧಾರವಿದೆ ಎನಿಸಿದರೆ ಮಾತ್ರ ತಾವೇ ಆರೋಪವನ್ನು ರೂಪಿಸುತ್ತಾರೆ. ಕಾನೂನಿನ ಭಾಷೆಯಲ್ಲಿ ನಿಜವಾದ ‘ಚಾರ್ಜ್’ ಎಂದರೆ ಇದು. ಅದನ್ನು ಆರೋಪಿಗೆ ಓದಿ ಹೇಳಿ, ವಿವರಿಸಿ, ತಪ್ಪು ಒಪ್ಪಿಕೊಳ್ಳುತ್ತೀಯೋ ವಿಚಾರಣೆ ಬೇಕೋ ಎಂದು ಕೇಳಬೇಕು. ಆಧಾರ ಸಾಲದು ಎನಿಸಿದರೆ ಈ ಹಂತದಲ್ಲೇ ಆತನನ್ನು ‘ಡಿಸ್ಚಾರ್ಜ್’ ಮಾಡುತ್ತಾರೆ, ಅಂದರೆ ಹೊರೆ ಇಳಿಸುತ್ತಾರೆ. ವಿಚಾರಣೆಯೆಲ್ಲ ಮುಗಿದ ಮೇಲೆ ನಿರ್ದೋಷಿ ಎಂದು ಬಿಡುವುದು ಬೇರೆ. ಅದಕ್ಕೆ ನಮ್ಮಲ್ಲಿ ‘ಖುಲಾಸೆ’ ಎಂಬ ಮಾತು ರೂಢಿಯಲ್ಲಿದೆ. ಆದರೆ ಚಾರ್ಜ್‌ಶೀಟ್ ಬಿದ್ದ ದಿನವೇ ತಪ್ಪು ರುಜುವಾತಾಯಿತು ಎಂಬಂತೆ ಸುದ್ದಿ ಹಬ್ಬುತ್ತದೆ, ಡಿಸ್ಚಾರ್ಜ್ ಆದವನನ್ನು ಜಾಮೀನಿನ ಮೇಲೆ ಬಂದವನಂತೆ ನೋಡುತ್ತಾರೆ. ಸುದ್ದಿ ಬರೆಯುವವರೂ ಅನುವಾದಿಸುವವರೂ ಇಲ್ಲಿ ಮೂರು ಪದಗಳನ್ನು ಮೂರಾಗಿಯೇ ಇಡಬೇಕು: ಪೊಲೀಸರದ್ದು ದೋಷಾರೋಪ ಪಟ್ಟಿ, ನ್ಯಾಯಾಲಯದ್ದು ಆರೋಪ ನಿಗದಿ, ವಿಚಾರಣೆಗೆ ಮುಂಚೆಯೇ ಕೈಬಿಟ್ಟರೆ ಆರೋಪದಿಂದ ಬಿಡುಗಡೆ.

ಹೊಣೆಯ ಅರ್ಥಕ್ಕೆ ಬಂದರೆ, ಸರ್ಕಾರಿ ಕಚೇರಿಗಳ ಕನ್ನಡ ಈ ಪದವನ್ನು ಅದ್ಭುತವಾಗಿ ಅನುವಾದಿಸಿಕೊಂಡಿದೆ. ಇನ್‌ಚಾರ್ಜ್ ಇರುವವರು ‘ಪ್ರಭಾರ’ ಅಧಿಕಾರಿ. ‘ಭಾರ’ ಎಂಬುದು ಆ ಪದದೊಳಗೇ ಇದೆ. ವರ್ಗಾವಣೆಯಾದಾಗ ಹೋಗುವವರೂ ಬರುವವರೂ ಸಹಿ ಹಾಕುವ ಪ್ರಭಾರ ವರ್ಗಾವಣೆ ಪ್ರಮಾಣಪತ್ರವನ್ನು ಎಲ್ಲರೂ ಸಿ.ಟಿ.ಸಿ. ಎಂದು ಕರೆಯುತ್ತಾರೆ, ಅದರ ನಡುವಿನ ಅಕ್ಷರ ವರ್ಗಾವಣೆಯದ್ದು, ಕೊನೆಯ ಅಕ್ಷರ ಚಾರ್ಜ್‌ನದ್ದು. ಒಂದು ಬೆನ್ನಿನಿಂದ ಇನ್ನೊಂದು ಬೆನ್ನಿಗೆ ಚೀಲ ದಾಟಿದ್ದಕ್ಕೆ ಅದು ಸಾಕ್ಷಿ. ವಿಧಾನಸೌಧದ ಲೆಕ್ಕದ ಪುಸ್ತಕಗಳಲ್ಲಿ ಇದೇ ಧಾತುವಿನ ಇನ್ನೊಂದು ಪದವಿದೆ. ರಾಜ್ಯಪಾಲರ ವೇತನ, ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಸರ್ಕಾರದ ಸಾಲದ ಬಡ್ಡಿ ಮೊದಲಾದವನ್ನು ಸಂವಿಧಾನದ 202ನೇ ವಿಧಿಯ ಪ್ರಕಾರ ರಾಜ್ಯದ ಸಂಚಿತ ನಿಧಿಯ ಮೇಲೆ ‘ಚಾರ್ಜ್’ ಮಾಡಲಾಗಿದೆ. ಈ ವೆಚ್ಚವನ್ನು ಸದನ ಚರ್ಚಿಸಬಹುದು, ಮತಕ್ಕೆ ಹಾಕುವಂತಿಲ್ಲ. ಕನ್ನಡದಲ್ಲಿ ಇದಕ್ಕೆ ‘ಪ್ರಭೃತ’ ವೆಚ್ಚ ಎನ್ನುತ್ತಾರೆ. ಭಾರವೂ ಭೃತವೂ ಹೊರುವುದು ಎಂಬ ಒಂದೇ ಧಾತುವಿನ ಮಕ್ಕಳು. ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠದಲ್ಲಿ ಕೂರುವ ನ್ಯಾಯಮೂರ್ತಿಗಳ ಸಂಬಳ ಆ ನಿಧಿಯ ಬೆನ್ನಿನ ಮೇಲೆ ಮೊದಲೇ ಕೂತಿರುವ ಚೀಲ. ಪ್ರತಿ ವರ್ಷ ಅದನ್ನು ಹೊರಬೇಕೇ ಬೇಡವೇ ಎಂದು ಶಾಸಕರು ಮತ ಹಾಕುವಂತಿದ್ದರೆ ನ್ಯಾಯಾಂಗದ ಸ್ವಾತಂತ್ರ್ಯ ಉಳಿಯುತ್ತಿರಲಿಲ್ಲ.

ಕಚೇರಿಯಲ್ಲೇ ಈ ಪದ ಎರಡು ಮುಖ ತೋರಿಸುತ್ತದೆ ಎಂಬುದನ್ನೂ ಹೇಳಬೇಕು. ‘ಅವರಿಗೆ ಚಾರ್ಜ್ ಕೊಟ್ಟರು’ ಎಂದರೆ ಅಧಿಕಾರ ಸಿಕ್ಕಿತು. ‘ಅವರಿಗೆ ಚಾರ್ಜ್ ಮೆಮೊ ಕೊಟ್ಟರು’ ಎಂದರೆ ಇಲಾಖಾ ವಿಚಾರಣೆ ಶುರುವಾಯಿತು. ಇಂಗ್ಲಿಷಿನಲ್ಲಿ ‘ಚಾರ್ಜ್ಡ್ ವಿತ್’ ಎಂಬುದಕ್ಕೂ ಇದೇ ಎರಡು ಅರ್ಥಗಳಿವೆ. ಅದರ ಮುಂದೆ ಕರ್ತವ್ಯದ ಹೆಸರು ಬಂದರೆ ಹೊಣೆ, ಅಪರಾಧದ ಹೆಸರು ಬಂದರೆ ಆರೋಪ. ಆ ವಿದ್ಯಾರ್ಥಿನಿ ಎಡವಿದ್ದು ಸರಿಯಾಗಿ ಈ ಜಾಗದಲ್ಲಿ. ಇನ್ನೂ ವಿಚಿತ್ರವೆಂದರೆ, ಹಳೆಯ ಇಂಗ್ಲಿಷ್ ಬರಹಗಳಲ್ಲಿ ಮಗುವನ್ನು ನೋಡಿಕೊಳ್ಳುವ ದಾದಿ ಮಗುವಿನ ‘ಇನ್ ಚಾರ್ಜ್’ ಆಗಿರುತ್ತಾಳೆ, ಮಗು ಆಕೆಯ ‘ಚಾರ್ಜ್’ ಆಗಿರುತ್ತದೆ. ಹೊತ್ತವರಿಗೂ ಹೊರಿಸಿಕೊಂಡದ್ದಕ್ಕೂ ಒಂದೇ ಪದ.

ಹಣದ ಅರ್ಥದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಖರ್ಚನ್ನು ಒಬ್ಬನ ಲೆಕ್ಕಕ್ಕೆ ಏರಿಸುವುದೇ ಅದರ ಮೂಲ. ಅಂಗಡಿಯಲ್ಲಿ ನಾವು ‘ನನ್ನ ಲೆಕ್ಕಕ್ಕೆ ಹಾಕ್ರಿ’ ಎನ್ನುವಾಗ ಮಾಡುವುದೂ ಅದನ್ನೇ. ಒಂದು ವ್ಯತ್ಯಾಸ ಮಾತ್ರ ಗಮನಿಸತಕ್ಕದ್ದು. ‘ಬಸ್ ಚಾರ್ಜ್’ ಎಂಬುದು ನಮ್ಮ ದೇಶದ ಇಂಗ್ಲಿಷಿನ ರೂಢಿ. ಇಂಗ್ಲೆಂಡಿನವರು ಪ್ರಯಾಣದ ದರಕ್ಕೆ ‘ಫೇರ್’ ಎನ್ನುತ್ತಾರೆ, ವಸ್ತುವಿಗೆ ‘ಪ್ರೈಸ್’ ಎನ್ನುತ್ತಾರೆ, ಮಾಡಿಕೊಟ್ಟ ಕೆಲಸಕ್ಕೆ ತೆಗೆದುಕೊಳ್ಳುವುದನ್ನು ‘ಚಾರ್ಜ್’ ಎನ್ನುತ್ತಾರೆ. ಕನ್ನಡದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಪದಗಳು ಮೊದಲಿನಿಂದಲೂ ಇದ್ದವು: ಹೊತ್ತದ್ದಕ್ಕೆ ಹಮಾಲಿ, ಕೊಡಿಸಿದ್ದಕ್ಕೆ ದಲಾಲಿ, ದುಡಿದದ್ದಕ್ಕೆ ಕೂಲಿ, ಇರಲು ಕೊಟ್ಟದ್ದಕ್ಕೆ ಬಾಡಿಗೆ, ಸರ್ಕಾರಕ್ಕೆ ಕಟ್ಟುವುದಕ್ಕೆ ಶುಲ್ಕ. ಈ ಸೂಕ್ಷ್ಮವನ್ನೆಲ್ಲ ಒಂದು ‘ಚಾರ್ಜ್’ ನುಂಗುತ್ತಿರುವುದು ನನಗೆ ಹಿತವೆನಿಸುವುದಿಲ್ಲ.

ದಾಳಿಯ ಅರ್ಥವೂ ವಿದ್ಯುತ್ತಿನ ಅರ್ಥವೂ ಬಂದದ್ದು ಆಯುಧದ ದಾರಿಯಿಂದ. ಕಲಬುರಗಿ ಕೋಟೆಯ ಮೇಲಿರುವ, ಬಾರಾ ಗಜ್ ತೋಪು ಎಂದು ಹೆಸರಾದ, ಸುಮಾರು 29 ಅಡಿ ಉದ್ದದ ಫಿರಂಗಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅಂಥ ತೋಪಿನ ಬಾಯಿಂದ ಮೊದಲು ಮದ್ದನ್ನು ಒಳಗೆ ತುಂಬಿ, ಗಿಡಿದು, ಆಮೇಲೆ ಗುಂಡು ಹಾಕುತ್ತಿದ್ದರು. ಬಂಡಿಗೆ ಸರಕು ಹೇರುವಂತೆ ತೋಪಿಗೆ ಮದ್ದು ಹೇರುವುದಕ್ಕೂ ಇಂಗ್ಲಿಷಿನಲ್ಲಿ ‘ಚಾರ್ಜ್’ ಎಂದರು. ಒಂದು ಸಲಕ್ಕೆ ಹಾಕುವ ಮದ್ದಿನ ಅಳತೆಯೂ ‘ಚಾರ್ಜ್’, ಗುಂಡು ಹಾರಿ ಮದ್ದು ಖಾಲಿಯಾಗುವುದು ‘ಡಿಸ್ಚಾರ್ಜ್’. ಆಯುಧ ಸಿದ್ಧಮಾಡಿಕೊಂಡು ಶತ್ರುವಿನ ಮೇಲೆ ನುಗ್ಗುವುದಕ್ಕೂ ಕ್ರಮೇಣ ಅದೇ ಪದ ಅಂಟಿತು. ನಮ್ಮ ಪತ್ರಿಕೆಗಳ ಲಾಠಿಚಾರ್ಜ್ ಅಲ್ಲಿಂದ ಇಳಿದದ್ದು. ಲಾಠಿ ಪ್ರಹಾರ ಎಂಬುದು ಅದಕ್ಕೆ ಒಪ್ಪುವ ಕನ್ನಡ. ಆದರೆ ಎತ್ತು ‘ಚಾರ್ಜ್’ ಮಾಡಿತು ಎಂದಿದ್ದರೆ ಪ್ರಹಾರ, ದಾಳಿ ಎಂದೆಲ್ಲ ಬರೆಯದೆ ‘ಎತ್ತು ಹಾಯಲು ಬಂತು’ ಎಂದರೆ ಸಾಕು.

1740ರ ದಶಕದಲ್ಲಿ ಯುರೋಪಿನಲ್ಲಿ ಲೇಡನ್ ಜಾಡಿ ಎಂಬ ಉಪಕರಣ ಸಿದ್ಧವಾಯಿತು. ಒಳಗೂ ಹೊರಗೂ ಲೋಹದ ಹೊದಿಕೆಯಿರುವ ಗಾಜಿನ ಜಾಡಿಯದು. ಘರ್ಷಣೆಯಿಂದ ಹುಟ್ಟಿಸಿದ ವಿದ್ಯುತ್ತನ್ನು ಅದರಲ್ಲಿ ಹಿಡಿದಿಡಬಹುದಿತ್ತು, ಮುಟ್ಟಿದರೆ ಒಮ್ಮೆಲೇ ಹೊಡೆಯುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಈ ಜಾಡಿಯ ಪ್ರಯೋಗಗಳನ್ನು ವಿವರಿಸುವಾಗ ತೋಪಿನ ಮಾತುಗಳನ್ನೇ ಬಳಸಿದರು: ತುಂಬುವುದು ‘ಚಾರ್ಜ್’, ಖಾಲಿಯಾಗುವುದು ‘ಡಿಸ್ಚಾರ್ಜ್’. ಹಲವು ಜಾಡಿಗಳನ್ನು ಸಾಲಾಗಿ ಜೋಡಿಸಿದ್ದಕ್ಕೆ ಅವರು ಕೊಟ್ಟ ‘ಬ್ಯಾಟರಿ’ ಎಂಬ ಹೆಸರು ಕೂಡ ಅದುವರೆಗೆ ತೋಪುಗಳ ಸಾಲಿಗೆ ಇದ್ದ ಹೆಸರು. ಹೀಗೆ ಇಂದು ನಮ್ಮ ಜೇಬಿನಲ್ಲಿರುವ ಎರಡು ಪದಗಳೂ ಕೋಟೆಯ ಬುರುಜಿನಿಂದ ಬಂದವು.

ಆದರೆ ಇಲ್ಲಿ ಹೊರೆಯ ಕಲ್ಪನೆ ನಮ್ಮನ್ನು ತುಸು ದಾರಿ ತಪ್ಪಿಸುತ್ತದೆ. 5,000 ಮಿಲಿಆಂಪಿಯರ್-ಗಂಟೆಯ ಫೋನ್ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿದಾಗ ಅದರ ಮಂಡಲದಲ್ಲಿ ಸುಮಾರು 18,000 ಕೂಲಂಬಿನಷ್ಟು ವಿದ್ಯುದಾವೇಶ ಹರಿದಿರುತ್ತದೆ. ಹರಿದಿರುತ್ತದೆ ಎಂದೆನೇ ಹೊರತು ತುಂಬಿರುತ್ತದೆ ಎನ್ನಲಿಲ್ಲ. ಚಾರ್ಜರ್ ಹೊರಗಿನಿಂದ ಎಲೆಕ್ಟ್ರಾನುಗಳನ್ನು ತಂದು ಬ್ಯಾಟರಿಗೆ ಸುರಿಯುವುದಿಲ್ಲ. ಬ್ಯಾಟರಿಯ ಒಂದು ತುದಿಯಲ್ಲಿರುವ ಎಲೆಕ್ಟ್ರಾನುಗಳನ್ನು ಹೊರಗಿನ ತಂತಿಯ ಮೂಲಕ ಇನ್ನೊಂದು ತುದಿಗೆ ತಳ್ಳುತ್ತದೆ. ಅದೇ ಹೊತ್ತಿಗೆ ಒಳಗೆ ಲಿಥಿಯಂ ಅಯಾನುಗಳು ಅದೇ ಕಡೆಗೆ ಸರಿದು ಗ್ರಾಫೈಟ್ ಪದರಗಳ ನಡುವೆ ಸೇರಿಕೊಳ್ಳುತ್ತವೆ. ಖಾಲಿ ಬ್ಯಾಟರಿಯಲ್ಲಿಯೂ ತುಂಬಿದ ಬ್ಯಾಟರಿಯಲ್ಲಿಯೂ ಎಲೆಕ್ಟ್ರಾನುಗಳ ಒಟ್ಟು ಸಂಖ್ಯೆ ಒಂದೇ. ನೆಲದ ಮೇಲಿದ್ದ ತೊಗರಿ ಚೀಲಗಳನ್ನು ಅಟ್ಟಕ್ಕೆ ಏರಿಸಿದಂತೆ ಇದು: ಮನೆಯೊಳಗಿನ ಚೀಲಗಳ ಲೆಕ್ಕ ಬದಲಾಗುವುದಿಲ್ಲ, ಆದರೆ ಮೇಲಿರುವ ಚೀಲ ಕೆಳಗೆ ಬೀಳುವಾಗ ಕೆಲಸ ಮಾಡಬಲ್ಲದು. ಫೋನ್ ಬಳಸುವಾಗ ಆಗುವುದು ಈ ಬೀಳುವಿಕೆ. ಕನ್ನಡ ಪಠ್ಯಪುಸ್ತಕಗಳು ವಿದ್ಯುತ್ತಿನ ‘ಚಾರ್ಜ್’ಗೆ ಹೊರೆ ಎನ್ನದೆ ‘ಆವೇಶ’ ಎಂದದ್ದು ಒಳ್ಳೆಯದಾಯಿತು. ಆವೇಶ ಎಂದರೆ ಒಳಹೊಕ್ಕು ನೆಲೆಸುವುದು. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದಕ್ಕೂ ಇದೇ ಪದ. ಎಲೆಕ್ಟ್ರಾನಿನ ಋಣಾವೇಶ ಅದರ ಮೇಲೆ ಹೇರಿದ ಚೀಲವಲ್ಲ, ಇಳಿಸಲು ಬರುವಂಥದ್ದೂ ಅಲ್ಲ. ಅದು ಅದರ ಗುಣ.

‘ರಿಚಾರ್ಜ್’ ಎಂದರೆ ಈಗ ಹೆಚ್ಚಾಗಿ ಸಿಮ್ಮಿಗೆ ಹಣ ಹಾಕುವುದು. ಆದರೆ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಗಳನ್ನು ನೋಡಲು ಹೋದವರಿಗೆ ಇನ್ನೊಂದು ರಿಚಾರ್ಜ್ ಎದುರಾಗುತ್ತದೆ. ನೆಲದಡಿಯ ನೀರನ್ನು ಇಳಿಜಾರಿನ ಸುರಂಗದಲ್ಲಿ ಹರಿಸಿ ತರುವ ಆ ಪರ್ಷಿಯನ್ ಮಾದರಿಯ ವ್ಯವಸ್ಥೆ, ಮೇಲಿನ ನೆಲ ಮಳೆನೀರನ್ನು ಕುಡಿದರೆ ಮಾತ್ರ ಬದುಕುತ್ತದೆ. ಇಂಗ್ಲಿಷಿನಲ್ಲಿ ಇದು ಅಂತರ್ಜಲದ ‘ರಿಚಾರ್ಜ್’. ಸರ್ಕಾರಿ ಕನ್ನಡದಲ್ಲಿ ಮರುಪೂರಣ. ರೈತರ ಕನ್ನಡದಲ್ಲಿ ನೀರು ‘ಇಂಗುವುದು’. ಅನುವಾದಿಸುವವರು ಮೂರನೆಯದನ್ನು ಮರೆಯಬಾರದು.

ಇಷ್ಟೆಲ್ಲ ಅರ್ಥಗಳಿದ್ದೂ ಇಂಗ್ಲಿಷ್ ಮಾತನಾಡುವವರು ಗೊಂದಲಕ್ಕೆ ಬೀಳದಿರುವುದಕ್ಕೆ ಕಾರಣ, ಪದದ ಹಿಂದೆ ಮುಂದೆ ನಿಲ್ಲುವ ಪುಟ್ಟ ಪದಗಳು. ‘ಫಾರ್’ ಬಂದರೆ ಹಣ, ‘ಅಟ್’ ಬಂದರೆ ನುಗ್ಗುವುದು, ‘ವಿತ್’ ಬಂದರೆ ಆರೋಪ ಇಲ್ಲವೇ ಕರ್ತವ್ಯ, ‘ಇನ್’ ಮತ್ತು ‘ಆಫ್’ ನಡುವೆ ಸಿಕ್ಕರೆ ಉಸ್ತುವಾರಿ. ಕನ್ನಡಕ್ಕೆ ಬಂದಾಗ ಆ ಪುಟ್ಟ ಪದಗಳು ಹಿಂದೆ ಉಳಿದವು, ‘ಚಾರ್ಜ್’ ಒಂದೇ ಬಂತು. ಆ ಕೊರತೆಯನ್ನು ನಮ್ಮ ಜನ ಕ್ರಿಯಾಪದಗಳಿಂದ ತುಂಬಿಕೊಂಡಿದ್ದಾರೆ, ಯಾವ ವ್ಯಾಕರಣದ ಪುಸ್ತಕವೂ ಹೇಳಿಕೊಡದೆ. ಫೋನನ್ನು ಚಾರ್ಜಿಂಗಿಗೆ ‘ಹಚ್ಚುತ್ತಾರೆ’, ಆಟೋದವರು ಚಾರ್ಜ್ ‘ತಗೋತಾರೆ’, ಅಧಿಕಾರಿ ಚಾರ್ಜ್ ‘ವಹಿಸಿಕೊಳ್ಳುತ್ತಾರೆ’, ಪೊಲೀಸರು ಚಾರ್ಜ್‌ಶೀಟ್ ‘ಹಾಕುತ್ತಾರೆ’. ಬ್ಯಾಟರಿಯ ಚಾರ್ಜ್ ‘ಇಳಿಯುತ್ತದೆ’. ಕಡಿಮೆಯಾಗುವುದು, ಮುಗಿಯುವುದು ಎಂಬ ಮಾತುಗಳಿದ್ದೂ ಇಳಿಯುವುದು ಎಂಬುದೇ ನಾಲಿಗೆಗೆ ಬರುವುದನ್ನು ಕೇಳಿದಾಗ, ಬಂಡಿಯ ನೆನಪು ಎಲ್ಲಿಯೋ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಅನುವಾದ ಕಲಿಯುವವರಿಗೆ ನಾನು ಕೊಡುವ ಸೂಚನೆಯೂ ಇದರಿಂದಲೇ ಬಂದದ್ದು. ‘ಚಾರ್ಜ್’ ಎದುರಾದಾಗ ನಿಘಂಟಿಗಿಂತ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಹೊರಿಸುವವರು ಯಾರು, ಹೊರುವವರು ಯಾರು, ಚೀಲದಲ್ಲಿ ಏನಿದೆ? ಕ್ರಿಯಾಪದ ತಾನಾಗಿ ಬರುತ್ತದೆ.

ಆ ವಿದ್ಯಾರ್ಥಿನಿ ಮಾರನೆಯ ದಿನ ವಾಕ್ಯವನ್ನು ತಿದ್ದಿ ತಂದಿದ್ದಳು: ‘ಲೆಕ್ಕಪತ್ರಗಳನ್ನು ಪರಿಶೀಲಿಸುವ ಹೊಣೆಯನ್ನು ಸಮಿತಿಗೆ ವಹಿಸಲಾಗಿದೆ.’ ನಾನು ಸರಿ ಎಂದು ಗುರುತು ಹಾಕಿ, ‘ವಹಿಸು’ ಎಂಬ ಪದದ ಕೆಳಗೆ ಗೆರೆ ಎಳೆದು, ಅದು ಹೊತ್ತೊಯ್ಯುವುದು ಎಂಬ ಅರ್ಥದ ‘ವಹ್’ ಧಾತುವಿನಿಂದ ಬಂದದ್ದೆಂದೂ, ‘ವಾಹನ’ ಎಂಬುದು ಅದೇ ಧಾತುವಿನ ಪದವೆಂದೂ ಬದಿಯಲ್ಲಿ ಬರೆದುಕೊಟ್ಟೆ. ಆಕೆ ಅದನ್ನು ಎರಡು ಸಲ ಓದಿ, “ಅಂದ್ರ ಇದೂ ಬಂಡೀನೇ ಏನ್ರೀ ಸರ್?” ಎಂದು ಕೇಳಿದಳು.